ಕೊಕ್ಕು ಮುಚ್ಚಿದ ಬಾತುಕೋಳಿ

ಮೊಬೈಲ್ ತೋರಿಸಿ ಊಟ ಮಾಡಿಸಬೇಡಿ ಎಂದು ಡಾಕ್ಟರು ಹೇಳಿದ ದಿನದಿಂದ ಇಂಚರ ಊಟವನ್ನೇ ಬಿಟ್ಟಿದ್ದಳು. ಮೂರು ವರ್ಷದ ಮಗು, ಮೊದಲೇ ತೂಕ ಕಡಿಮೆ. ಸೋಮವಾರದ ಹೊತ್ತಿಗೆ ಏರದಿದ್ದರೆ ದಾವಣಗೆರೆಯಲ್ಲಿ ಅಡ್ಮಿಟ್ ಮಾಡಬೇಕಿತ್ತು. ಮೊಬೈಲಿನಲ್ಲಿ ಹಳೇ ಕಾರ್ಟೂನಿನ ಬಾತುಕೋಳಿ ಬಂದರೆ ಮೊದಲ ತುತ್ತು ಅದಕ್ಕೆ ಹಿಡಿದು, ಆಮೇಲೆ ತಾನು ತಿನ್ನುವುದು ಅವಳ ಅಭ್ಯಾಸ.

ಅದಕ್ಕೇ ತಾಯಿ ಅಂಬಿಕಾ ನೆಲದ ಮೇಲೆ ಬಾತುಕೋಳಿ ಬರೆಯಲು ಕೂತಳು. ಮಗಳ ಫ್ರಾಕಿನ ಜೇಬಿನ ಮೇಲೊಂದು ಇತ್ತು. “ಇದು ಪಾಪು, ಇದ್ರ ಬಾಯಾಗೆ ತುತ್ತು ಹಿಡ್ಸಲ್ಲ” ಎಂದು ಇಂಚರ ಅದನ್ನು ಒಪ್ಪಿರಲಿಲ್ಲ. ಬೆಂಗಳೂರಿನಲ್ಲಿ ಓದಿ ಸೂಳೆಕೆರೆ ಪಕ್ಕದ ಈ ಮನೆಗೆ ಸೊಸೆಯಾಗಿ ಬಂದ ಅಂಬಿಕಾಳಿಗೆ ಚಿತ್ರ ಬಿಡಿಸಲು ಬರುತ್ತಿರಲಿಲ್ಲ. ಸೀಮೆಸುಣ್ಣದಲ್ಲಿ ಮೊದಲು ಬರೆದದ್ದು ಕುಂಬಳಕಾಯಿಯಾಯಿತು. ಆಮೇಲಿನದಕ್ಕೆ ಕುತ್ತಿಗೆ ಬಂತು, ಕಾಲು ಬರಲಿಲ್ಲ. ಬರೆದು ಒರೆಸಿ ನೆಲವೆಲ್ಲ ಬೆಳ್ಳಗಾಯಿತು.

“ಅದೇನವ್ವಾ, ಹೆಗ್ಗಣ ಸತ್ತು ಬಿದ್ದಂಗೈತೆ?” ಅತ್ತೆ ಗಿಡ್ಡಮ್ಮ ನಕ್ಕರು.

“ನಗಬೇಡಿ ಅತ್ತೆ. ನಾಳೆನೇ ಸೋಮವಾರ.” ಅಂಬಿಕಾ ಅದನ್ನೂ ಒರೆಸಿದಳು.

ಗಿಡ್ಡಮ್ಮ ನಗು ನಿಲ್ಲಿಸಿ ಪಕ್ಕದಲ್ಲಿ ಕೂತರು. “ರಂಗೋಲಿ ಹಾಕಾಕೆ ಬರ್ತೈತಲ್ಲ? ಹಂಗೇ ಚುಕ್ಕಿ ಇಡು. ಫ್ರಾಕಿನ ಬಾತುಕೋಳಿ ಮ್ಯಾಲೂ ಇಡು, ಅದ್ನ ನೋಡ್ಕಂಡು ನೆಲಕ್ಕೂ ದೊಡ್ಡದಾಗಿ ಇಡು.”

ಚುಕ್ಕಿಯಿಂದ ಚುಕ್ಕಿಗೆ ತಲೆ ಬಂತು, ದುಂಡು ಹೊಟ್ಟೆ ಬಂತು, ಅಗಲವಾದ ಪಾದ ಬಂತು. ಕೊಕ್ಕನ್ನು ಗಿಡ್ಡಮ್ಮನೇ ಮುಗಿಸಿದರು. ಇಂಚರ ಓಡಿಬಂದು ತಟ್ಟೆಯಿಂದ ತುತ್ತು ತೆಗೆದು ಬಗ್ಗಿದಳು. ಅಂಬಿಕಾ ತಟ್ಟೆಯನ್ನು ಹತ್ತಿರ ಸರಿಸಿದಳು.

“ಇದು ಬಾಯಿ ಮುಚ್ಕೊಂಡೈತೆ. ಅದಕ್ಕೆ ಬ್ಯಾಡಂತೆ. ನಂಗೂ ಬ್ಯಾಡ.” ಮಗು ತಟ್ಟೆ ದೂಡಿತು.

ಫ್ರಾಕಿನಲ್ಲಿ ಕೊಕ್ಕು ತೆರೆದಿತ್ತು. ರಂಗೋಲಿಯ ಗೆರೆಯನ್ನು ಕೂಡಿಸದೆ ಬಿಟ್ಟು ಗೊತ್ತಿಲ್ಲದ ಗಿಡ್ಡಮ್ಮನ ಕೈ ನೆಲದ ಮೇಲೆ ಅದನ್ನು ಮುಚ್ಚಿಬಿಟ್ಟಿತ್ತು.

ಅಂಬಿಕಾ ಸೆರಗಿನಿಂದ ಗೆರೆ ಉಜ್ಜಲು ಹೋದಳು. ಅತ್ತೆ ಕೈ ಹಿಡಿದರು. “ಅಯ್ಯೋ, ಗೆರೆ ಕೂಡಿಸ್ದೆ ಬಿಟ್ಟು ಏಳಬಾರ್ದವ್ವಾ, ಮನೆಗೆ ಒಳ್ಳೇದಲ್ಲ!”

“ಮಗು ಉಪವಾಸ ಬಿದ್ದಿದೆ. ಇನ್ನೇನು ಕೆಟ್ಟದ್ದಾಗಬೇಕು ಈ ಮನೆಗೆ?”

ಗಿಡ್ಡಮ್ಮ ಕೈ ಬಿಟ್ಟರು. ಹೆಬ್ಬೆರಳು ಒದ್ದೆ ಮಾಡಿಕೊಂಡು ತಾವೇ ಆ ಗೆರೆ ಅಳಿಸಿದರು.

ಇಂಚರ ತೆರೆದ ಕೊಕ್ಕಿಗೆ ತುತ್ತಿಟ್ಟು ಕಾದಳು. ಆಮೇಲೆ ತಾನೊಂದು ತಿಂದಳು. ಇನ್ನೊಂದು ತಿಂದಳು. ಅಷ್ಟಕ್ಕೇ ಸಾಕೆಂದು ಎದ್ದು ಓಡಿದಳು.

“ರಾತ್ರಿಗೂ ತಿಂತಾಳೆ ಬಿಡು,” ಗಿಡ್ಡಮ್ಮ ಅಂದರು.

ಅಂಬಿಕಾ ನೆಲದ ಅನ್ನ ಬಳಿದು ಒರೆಸಿ, ರಾತ್ರಿಯ ಊಟಕ್ಕೆ ಆಗಲೇ ಚುಕ್ಕಿ ಇಡತೊಡಗಿದ್ದಳು.