ಆಡಿನ ಮರಿಯ ಕೊನೆಯ ಹಾಳೆ

ಪುಟ್ಟಿ, ಚಿನ್ನು, ಆಡಿನ ಮರಿಯ ಕತೆಗೆ ನಾನು ಹೇಳುತ್ತಿದ್ದ ಕೊನೆಗಳೆಲ್ಲ ನಾನೇ ಕಟ್ಟಿದವು. ರಾಣೆಬೆನ್ನೂರಿನಿಂದ ಬ್ಯಾಡಗಿಗೆ ರಜೆಗೆ ಬಂದಾಗ ನೀವೇ ಅದನ್ನು ಹಿಡಿದುಬಿಟ್ಟಿರಿ. "ಆವಾಗ ಅಂಬಿಗ ಎತ್ಕೊಂಡಿದ್ದ, ಈಗ ಹೆಂಗ ಈಜಿತು?" ಎಂದು ಚಿನ್ನು ಎದ್ದು ಕೂತ. "ಆಯಿ ಸುಳ್ಳ ಹೇಳಾಕತ್ತಾಳ" ಎಂದು ಪುಟ್ಟಿ ತೀರ್ಪು ಕೊಟ್ಟಳು.

ಆ ಕತೆ ನನ್ನ ಊರಿನ ಶಾಲೆಯ ಪುಸ್ತಕದ್ದು. ಅಕ್ಕಂದಿರು ಓದಿ ನನ್ನ ಕೈಗೆ ಬರುವಷ್ಟರಲ್ಲಿ ಅದರ ಕೊನೆಯ ಹಾಳೆಗಳು ಉದುರಿದ್ದವು. ಮರಿ ಕಾಣದೆ ಹುಡುಗಿ ಹೊಳೆಯ ದಂಡೆಯಲ್ಲಿ ಅಳುತ್ತ ನಿಂತಿದ್ದಳು. ಪುಸ್ತಕ ಅಲ್ಲಿಗೇ ನಿಂತಿತ್ತು. ಶಾಲೆಯಲ್ಲಿ ಆ ಪಾಠ ಬರುವ ಮೊದಲೇ ನನ್ನನ್ನು ಬಿಡಿಸಿದರು. ಮರಿ ಉಳಿಯಿತೋ ಇಲ್ಲವೋ ನನಗೂ ಗೊತ್ತಿರಲಿಲ್ಲ.

ಹಾವೇರಿಯ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ನಿಮ್ಮ ಅವ್ವ, "ಅತ್ತಿ, ನಮ್ಮ ಲೈಬ್ರರ್ಯಾಗ ಹಳೇ ಸಾಲಿ ಪುಸ್ತಕ ಅದಾವ. ನಾಳೆ ನಡೀರಿ" ಎಂದಳು. ಮರುದಿನ ನಾವಿಬ್ಬರೂ ಬ್ಯಾಡಗಿಯಿಂದ ಬಸ್ಸು ಹಿಡಿದೆವು.

ಬಾಗಿಲಲ್ಲಿ ಚೀಲ ಇಡಿಸಿಕೊಂಡರು. ಯಾರೂ ಹೇಳದಿದ್ದರೂ ನಾನು ಚಪ್ಪಲಿಯನ್ನೂ ಬಿಟ್ಟೆ. ಒಳಗೆ ಪುಸ್ತಕ ಕೊಡುವ ಕೌಂಟರ್, ಪೇಪರ್ ಓದುವ ಕೋಣೆ, ಕಣ್ಣು ಕಾಣದವರಿಗೆ ಪುಸ್ತಕ ಓದಿ ಕೇಳಿಸುವ ಯಂತ್ರ. ಹಳೆಯ ಪುಸ್ತಕಗಳ ವಿಭಾಗ ಮಹಡಿಯ ಮೇಲಿತ್ತು. ಅಲ್ಲಿಯವರು ಕಂಪ್ಯೂಟರಿನಲ್ಲಿ ಹುಡುಕಿ ಸಾಕಾಗಿ, "ರಟ್ಟಿನ ಮ್ಯಾಲ ಏನ್ ಚಿತ್ರ ಇತ್ರಿ?" ಎಂದರು. "ನವಿಲು" ಎಂದು ನಾನು ನಿಮ್ಮ ಅವ್ವನ ಕಿವಿಯಲ್ಲಿ ಹೇಳಿದೆ. ಅವಳು ಅದನ್ನು ಹೇಳಿದ್ದೇ ಅವರು ಕಪಾಟಿನಿಂದ ತಂದು ಮೇಜಿನ ಮೇಲಿಟ್ಟರು. ಅದೇ ನವಿಲು! ನಿಮ್ಮ ಅವ್ವ ತನ್ನ ಪುಸ್ತಕ ಮರಳಿಸಲು ಕೆಳಗೆ ಹೋದಳು.

ನಾನು ಮುಟ್ಟಲಿಲ್ಲ. ಹಿಂದಿನ ದಿನವೆಲ್ಲ ಮೆಣಸಿನಕಾಯಿಯ ತೊಟ್ಟು ಬಿಡಿಸಿದ್ದೆ. ಎಷ್ಟು ಸಾಬೂನು ಹಚ್ಚಿ ತೊಳೆದರೂ ಆ ಉರಿ ಬೆರಳು ಬಿಡುವುದಿಲ್ಲ. ನನ್ನ ನಂತರ ಈ ಹಾಳೆ ತಿರುವಿದವರು ಕಣ್ಣು ಒರೆಸಿಕೊಂಡರೆ? ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತೆ. ಹೇಳಲು ನಾಚಿಕೆ.

"ಓದಾಕ ಬರೂದಿಲ್ಲೇನ್ರಿ ಅಮ್ಮಾರ? ಇರ್ಲಿ ಬಿಡ್ರಿ, ನಾ ಓದ್ತೇನಿ" ಎಂದು ಅವರೇ ಎದುರಿಗೆ ಕೂತರು. ಮರಿ ಬಂದಲ್ಲೆಲ್ಲ "ಬ್ಯಾಂ" ಎಂದು ಕೂಗಿ ಓದಿದರು. ಪಕ್ಕದ ಮೇಜಿನ ಹುಡುಗಿಯರು ಪೆನ್ನು ಕೆಳಗಿಟ್ಟರು. ಹೊಳೆಯ ದಂಡೆ ಬಂತು.

"ಮುಂದಿನ ಹಾಳಿ ಐತೇನ್ರಿ?" ನಾನು ಅವರೊಡನೆ ಆಡಿದ ಮೊದಲ ಮಾತು ಅದು.

"ಐತ್ರಿ."

ಹುಡುಗಿ ಅಳುತ್ತ ಮನೆಗೆ ಬಂದಳಂತೆ. ಮರಿ ಒಲೆಯ ಮುಂದೆ ನಿಂತು ಅವಳ ಪಾಲಿನ ರೊಟ್ಟಿ ತಿಂದು ಮುಗಿಸಿತ್ತಂತೆ. ಹೊಳೆಯ ಕಡೆಗೆ ಅದು ಹೋಗಿಯೇ ಇರಲಿಲ್ಲ!

ನಾನು ಬಾಯಿಗೆ ಸೆರಗು ಹಿಡಿದು ನಕ್ಕೆ. ಸೆರಗಿಗೆ ಹತ್ತಿದ್ದ ಖಾರಕ್ಕೆ ಸೀನು ಬಂತು. ಅಷ್ಟರಲ್ಲಿ ನಿಮ್ಮ ಅವ್ವ ಬಂದು, "ಅತ್ತಿ, ಓಣಿ ಮಂದಿಗೆಲ್ಲಾ ಪೇಪರ್ ಓದಿ ಹೇಳೋರು ನೀವ, ಇವರ ಕಡೆ ಓದಿಸ್ತೀರೇನು?" ಎಂದಳು.

"ಕೈ ಖಾರ ಅದಾವ್ರಿ" ಎಂದು ತೋರಿಸಿದೆ.

ಅವರು ನಗುತ್ತ ಪುಸ್ತಕವನ್ನು ತಮ್ಮ ಕಡೆಗೆ ಎಳೆದುಕೊಂಡರು. "ಮುಟ್ಟಲಿಲ್ಲ, ಪುಣ್ಯಾ ಬಂತು ನಿಮಗ!"

ಅದನ್ನು ಮನೆಗೆ ಕೊಡುವುದಿಲ್ಲ. ಹಾಳೆಗಳು ಮುರಿಯುತ್ತವೆಂದು ಝೆರಾಕ್ಸನ್ನೂ ಮಾಡುವುದಿಲ್ಲ. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ, ಕೈಗೆ ಎಣ್ಣೆ ಹಚ್ಚಿ ತೊಳೆದ ಮೇಲೆಯೇ. ಹೆದರದೆ ಮುಟ್ಟಿರಿ. ಯಾರಿಗೆ ಓದಲು ಕೊಟ್ಟರೂ ಈ ಕೊನೆಯ ಹಾಳೆ ತಿರುಗಿ ಬಂತೋ ಇಲ್ಲವೋ ನೋಡಿ, ಜೋಪಾನವಾಗಿ ಎತ್ತಿಡಿರಿ.