ಬೀಗರು ಕುಡಿದ ನನ್ನ ಚಹಾ

ಕಳೆದ ಭಾನುವಾರ ನನ್ನ ಚಹಾ ಬೇರೆಯವರು ಕುಡಿದುಬಿಟ್ಟರು. ಚಹಾ ಹೋದರೆ ಹೋಗಲಿ, ಮಗಳ ಸಂಬಂಧವೂ ಅದರ ಜೊತೆ ಹೋಯಿತೆಂದುಕೊಂಡೆ.

ನಮ್ಮ ಸುನಂದಾಳನ್ನು ನೋಡಲು ಬೆಳಗಾವಿಯ ಸದಾಶಿವನಗರದಿಂದ ಖಾನಾಪುರಕ್ಕೆ ಬಂದಿದ್ದರು. ಹುಡುಗ, ಅವನ ತಂದೆ, ತಾಯಿ. ಜಾತಕ ಕೂಡಿತ್ತು. ಹುಡುಗನಿಗೆ ಕಾಯಂ ನೌಕರಿ. ಇನ್ನೇನು ಬೇಕು?

ಒಂದು ಮಾತು ಮಾತ್ರ ನಾನು ಮುಚ್ಚಿಟ್ಟಿದ್ದೆ. ನನಗೆ ಸಕ್ಕರೆ ಕಾಯಿಲೆ ಇದೆ. ನಮ್ಮಪ್ಪನಿಗೂ ಇತ್ತು. (ಅವರು ತೀರಿಕೊಂಡಾಗ ಊರಿಗೆಲ್ಲ ‘ಕಾಲಿನ ಗಾಯ ಮಾಯಲಿಲ್ಲ’ ಎಂದಷ್ಟೇ ಹೇಳಿದ್ದೆವು.)

‘ಇದು ರಕ್ತದಾಗ ಬರ್ತೈತ್ರೀ ಯಜಮಾನ್ರ. ನಾಳೆ ಮಗಳು ಬಸರಾದಾಗ ಮರೀದ ತಪಾಸ್ ಮಾಡಸ್ರಿ’ ಎಂದಿದ್ದರು ಡಾಕ್ಟರು.

ತಪಾಸು ಮಾಡಿಸಬೇಕಾದವರು ಗಂಡನ ಮನೆಯವರು. ಅವರಿಗೆ ಗೊತ್ತಿರದಿದ್ದರೆ? ಆದರೆ ಹೇಳಿದರೆ ಹೆಣ್ಣು ಒಯ್ಯುವವರು ಯಾರು?

ಅವತ್ತು ಬಾಜು ಮನೆಯಿಂದ ಕಪ್ಪು-ಬಸಿ ತಂದಿದ್ದೆವು. ಎಲ್ಲವೂ ಒಂದೇ ತರ. ನನ್ನ ಸಪ್ಪೆ ಚಹಾ ಸುನಂದಾ ತಂದ ಟ್ರೇದ ತುದಿಯಲ್ಲಿತ್ತು. ಮೊದಲು ಎತ್ತಿಕೊಳ್ಳಬೇಕಾದವರು ಬಂದವರು ತಾನೆ? ಹುಡುಗನ ತಂದೆ, ದೊಡ್ಡ ಹೊಟ್ಟೆಯ ಮನುಷ್ಯರು, ಅದನ್ನೇ ಎತ್ತಿಕೊಂಡರು. ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿಯ ಮುಖ ಸಣ್ಣದಾಯಿತು.

ಅವರು ಗುಟುಕರಿಸಿದರು. ‘ಚಹಾ ಭಾಳ ಛಲೋ ಆಗೇತಿ, ತಂಗೀ’ ಎಂದರು. ಬಸಿಗೆ ಚೆಲ್ಲಿದ್ದನ್ನೂ ಬಿಡಲಿಲ್ಲ!

ಸಕ್ಕರೆ ಇಲ್ಲದ್ದು ಗೊತ್ತಾಗಲಿಲ್ಲವೆ? ಗೊತ್ತಾಗದೆ ಇರುವುದು ಯಾರಿಗೆ? ದಿನಾ ಅಂಥದ್ದೇ ಕುಡಿಯುವವರಿಗೆ.

ಹಲಸಿನ ಗಿಡ ತೋರಿಸುವ ನೆಪದಲ್ಲಿ ಅವರನ್ನು ಹಿತ್ತಲಿಗೆ ಕರೆದೊಯ್ದೆ.

‘ಸಕ್ಕರಿ ಬಿಟ್ಟು ಎಷ್ಟ್ ವರ್ಷ ಆತ್ರಿ?’

ಅವರು ಬಾಗಿಲ ಕಡೆ ನೋಡಿದರು. ‘ಮೆಲ್ಲಕ ಮಾತಾಡ್ರಿ. ಗೊತ್ತಾದ್ರ ಎಲ್ಲಿ ಹೆಣ್ಣ ಕೊಡಂಗಿಲ್ಲೋ ಅಂತ ಹೇಳಿದ್ದಿಲ್ಲ.’

‘ನೀವು ಕುಡದದ್ದು ನನ್ನ ಚಹಾರೀ. ನನಗೂ ಐತಿ.’

‘ಏ, ಚಾಷ್ಟಿ ಮಾಡಬ್ಯಾಡ್ರಿ! ಒಣಾ ಕಟಗಿ ಹಂಗ ಅದೀರಿ. ಇದು ನಮ್ಮಂಥಾ ಹೊಟ್ಟಿ ಇದ್ದವರ ಬ್ಯಾನಿ.’

‘ನಮ್ಮಣ್ಣನ ಹೊಟ್ಟಿ ನಿಮ್ಮದಕ್ಕಿಂತ ಮುಂದೈತಿ. ಅವಗ ಏನೂ ಇಲ್ಲ.’

ಖರೆ ಮಾತು. ಅಣ್ಣನೂ ನಾನೂ ಒಂದೇ ತಾಟಿನಲ್ಲಿ ರೊಟ್ಟಿ ತಿಂದು ಬೆಳೆದವರು. ಅಪ್ಪನಿಂದ ಅವನಿಗೆ ಮೈ ಬಂತು, ನನಗೆ ಕಾಯಿಲೆ ಬಂತು. ಯಾರ ಪಾಲಿಗೆ ಏನು ಎಂಬುದು ನಾವು ಹುಟ್ಟುವ ಮೊದಲೇ ಹಂಚಿಕೆಯಾಗಿತ್ತು. ಮೈ ನೋಡಿದರೆ ಅದು ತಿಳಿಯುತ್ತದೆಯೆ? ಡಾಕ್ಟರು ನನಗೆ ಎರಡೆರಡು ಸಲ ಬಿಡಿಸಿ ಹೇಳಬೇಕಾಯಿತು: ರಕ್ತದಲ್ಲಿ ಬರುವುದು ಕಾಯಿಲೆಯಲ್ಲ, ಕಾಯಿಲೆಗೆ ದಾರಿ. ಊಟದಲ್ಲಿ ಹಿಡಿತ, ನಾಲ್ಕು ಹೆಜ್ಜೆ ನಡಿಗೆ, ಆಗಾಗ ತಪಾಸು ಇದ್ದರೆ ಆ ದಾರಿಗೆ ಅಡ್ಡ ನಿಲ್ಲಬಹುದು. ಆದರೆ ದಾರಿ ಇದೆಯೆಂದು ಗೊತ್ತಿರಬೇಕಲ್ಲ?

ಬೀಗರು ಮನೆಯೊಳಗಿನ ಕಡೆ ಕೈ ತೋರಿಸಿದರು. ‘ಹಂಗಾರ ನಮ್ಮ ಹುಡುಗ? ಬಡಕಲ ಅದಾನಲ್ಲ, ಅವಗೆಲ್ಲಿ ಬರ್ತೈತಿ ಅಂತ ಬಿಟ್ಟಿದ್ದೆ.’

ಒಳಗೆ ಬಂದೆವು. ಹುಡುಗ ಸುನಂದಾಳ ಮುಂದೆ ಕಪ್ಪು ಚಾಚಿದ್ದ. ‘ಇನ್ನೊಂದ್ ಚಮಚಾ ಸಕ್ಕರಿ ಹಾಕ್ರಿ.’

ಡಬ್ಬಿ ಹಿಡಿದ ಸುನಂದಾ ನನ್ನ ಮುಖ ನೋಡಿದಳು. ನಾನು ಬೀಗರ ಮುಖ ನೋಡಿದೆ.

‘ತಡಿ ತಂಗೀ’ ಎಂದರು ಬೀಗರು. ‘ಮೊದಲ ನಾ ಅವಗ ಒಂದ್ ಮಾತ್ ಹೇಳೂದೈತಿ.’

(ಸಂಬಂಧ ಗಟ್ಟಿಯಾಗಿದೆ. ಇದನ್ನು ಬರೆಯಲು ಬೀಗರ ಒಪ್ಪಿಗೆಯೂ ಇದೆ.)

ನಿಮ್ಮ ಮನೆಯಲ್ಲಿ ಆ ಮಾತು ಹೇಳಿ ಆಗಿದೆಯೆ?