ಕ್ಯಾಪ್ಟನ್ ಮುಕುಂದನ ನಗೆಗಥೆ

ಬುಕಿತ್ ಬಾಟೋಕ್‌ನ ಮುಕುಂದ ಸಿಂಗಪುರದ ಸೈನ್ಯದಲ್ಲಿ ಕೆಲವು ವರ್ಷ ಕ್ಯಾಪ್ಟನ್ ಆಗಿದ್ದು, ಆಮೇಲೆ ಕೋವಿ ಕೆಳಗಿಟ್ಟು ಲೇಖನಿ ಹಿಡಿದವನು. ಬಾಲ್ಯ ಮೈಸೂರಿನಲ್ಲಿ ಕಳೆದದ್ದರಿಂದ ಕನ್ನಡ ಅವನ ಕೈಬಿಟ್ಟಿರಲಿಲ್ಲ. ಹಗಲು ಬ್ಯೂನಾ ವಿಸ್ಟಾದಲ್ಲಿ ಆಫೀಸು, ಉಳಿದ ಹೊತ್ತು ಬರವಣಿಗೆ. 2015ರಲ್ಲಿ ಅಚ್ಚಾಗಿ ಬಂದ ಅವನ ಸೈನ್ಯದ ಕಥೆಗಳು ಇಲ್ಲಿನ ಕನ್ನಡಿಗರಿಗೆ ಎಷ್ಟು ಹಿಡಿಸಿದವೆಂದರೆ, ದೀಪಾವಳಿ ಕೂಟದಲ್ಲಿ ಕರೆದು ಶಾಲು ಹೊದಿಸಿದರು.

ಎಲ್ಲರೂ ಬಿದ್ದು ಬಿದ್ದು ನಕ್ಕದ್ದು ಒಂದು ಕಥೆಗೆ. ಗ್ರೆನೇಡ್ ಎಸೆಯುವ ಗುಂಡಿಯಲ್ಲಿ ಪಿನ್ ಕಿತ್ತ ಮೇಲೆ ಕೈ ನಡುಗಿ ಮರಗಟ್ಟಿ, ‘ಅಮ್ಮಾ’ ಎಂದು ಅತ್ತ ಸಿಪಾಯಿಯ ಕಥೆ ಅದು. ಅಂಥ ಸಿಪಾಯಿ ನಿಜವಾಗಿಯೂ ಇದ್ದ. ಜುರಾಂಗ್ ಈಸ್ಟ್‌ನ ಕುಶಾಲ್, ಮುಕುಂದನನ್ನು ಬಿಟ್ಟರೆ ಆ ತುಕಡಿಯಲ್ಲಿದ್ದ ಒಬ್ಬನೇ ಕನ್ನಡದ ಹುಡುಗ. ಅಂದು ಅವನ ಮುಷ್ಟಿಯ ಮೇಲೆ ತನ್ನ ಮುಷ್ಟಿ ಬಿಗಿದು, ಗ್ರೆನೇಡ್ ಎಸೆಯಿಸಿ, ‘ಇದು ನಮ್ಮಿಬ್ಬರಲ್ಲೇ ಇರುತ್ತೆ’ ಎಂದು ಮಾತು ಕೊಟ್ಟವನು ಮುಕುಂದನೇ.

ಮಾತು ಮುರಿದನೇ? ಅವನ ಲೆಕ್ಕದಲ್ಲಿ ಇಲ್ಲ. ಹೆಸರು ಬದಲಿಸಿದ್ದ. ತುಕಡಿಯ ಚೀನೀ, ಮಲಯ್ ಹುಡುಗರಿಗೆ ಕನ್ನಡ ಬಾರದು. ಇಲ್ಲೇ ಹುಟ್ಟಿ, ಶಾಲೆಯಲ್ಲಿ ತಮಿಳು ಕಲಿತ ಕುಶಾಲ್‌ಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರದು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯಿತು ಎನ್ನುತ್ತಾರಲ್ಲ, ಅಂಥ ಜಾಣತನ.

ಆದರೆ ಈ ದೇಶ ಸೈನ್ಯ ಬಿಟ್ಟವರನ್ನು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ವರ್ಷಕ್ಕೊಮ್ಮೆ ರಿಸರ್ವಿಸ್ಟ್ ಕರೆ ಬರುತ್ತದೆ. ಹಳೆಯ ಅಧಿಕಾರಿ, ಹಳೆಯ ಸಿಪಾಯಿಗಳು ಹಳೆಯ ಸಮವಸ್ತ್ರದೊಳಗೆ ಹೊಟ್ಟೆ ತೂರಿಸಿಕೊಂಡು ಮತ್ತೆ ಸಾಲಾಗಿ ನಿಲ್ಲಬೇಕು. ಬೇರೆ ಊರಿನ ಲೇಖಕರಿಗೆ ಈ ಕಾಟವಿಲ್ಲ. ಮರುವರ್ಷದ ಶಿಬಿರದಲ್ಲಿ ಮತ್ತೆ ಗ್ರೆನೇಡ್ ಅಭ್ಯಾಸವಿತ್ತು. ಗುಂಡಿಯೊಳಗಿನ ಅಧಿಕಾರಿ ಮುಕುಂದ.

ಕುಶಾಲ್ ಸರದಿ ಬಂತು. ಗೋಡೆಯ ಹಿಂದೆ ಇಬ್ಬರೇ. ಅವನು ಪಿನ್ ಕಿತ್ತ, ಗ್ರೆನೇಡ್ ಸಿಡಿಯದಂತೆ ತಡೆಯುವ ಲಿವರನ್ನು ಅದುಮಿ ಹಿಡಿದ, ಎಸೆಯಲಿಲ್ಲ. ಆ ಹಿಡಿತ ಸಡಿಲವಾದರೆ ಇಬ್ಬರೂ ಉಳಿಯುವುದಿಲ್ಲ.

“ಎಸಿ, ಕುಶಾಲ್.”

“ನಿಮ್ ಬುಕ್‌ನ ಅಮ್ಮ ತಗೊಂಡ್ರು, ಸರ್. ಡಿನ್ನರ್ ಟೈಮಲ್ಲಿ ನಮಗೆಲ್ಲ ಓದಿ ಹೇಳಿದ್ರು.”

ಮುಕುಂದನ ಕಣ್ಣು ಆ ಬೆರಳುಗಳನ್ನು ಬಿಟ್ಟು ಕದಲಲಿಲ್ಲ.

“ಆ ಸ್ಟೋರಿಗೆ ಅಮ್ಮ ಕಣ್ಣಲ್ಲಿ ನೀರ್ ಬರೋ ಹಾಗೆ ನಕ್ರು. ಪಾಪ, ಯಾರ ಮಗನೋ ಅಂದ್ರು. ನಾನ್ ಪಕ್ಕದಲ್ಲೇ ಕೂತಿದ್ದೆ.”

“ತಪ್ಪಾಯ್ತು. ಮೊದ್ಲು ಎಸಿ, ಪ್ಲೀಸ್.”

“ಈ ಸಲ ನನ್ ಕೈ ನಡುಗ್ತಿಲ್ಲ, ನೋಡಿ.”

ನಡುಗುತ್ತಿದ್ದದ್ದು ಮುಕುಂದನ ಕೈ. ಕುಶಾಲ್ ಅದನ್ನು ನೋಡಿದ. ಆಮೇಲೆ ತೋಳು ಬೀಸಿ ಎಸೆದು ತಲೆ ತಗ್ಗಿಸಿದ. ಗೋಡೆಯಾಚೆ ನೆಲ ಗುಡುಗಿತು, ಇಬ್ಬರ ಮೇಲೂ ಮಣ್ಣು ಉದುರಿತು.

ಮಾಡಿದ್ದುಣ್ಣೋ ಮಹರಾಯ. ಶಿಬಿರ ಮುಗಿದ ಭಾನುವಾರ ಮುಕುಂದ ಜುರಾಂಗ್ ಈಸ್ಟ್‌ಗೆ ಹೋದ. ಏನು ಹೇಳಬೇಕೆಂದು ಅವನಿಗೇ ಗೊತ್ತಿರಲಿಲ್ಲ. ನಿಜ ಹೇಳಿದರೆ ಕುಶಾಲ್‌ನ ಮಾನ ಎರಡನೇ ಸಲ ಹೋಗುತ್ತದೆ. ಬಾಗಿಲು ತೆರೆದ ಕುಶಾಲ್ ಸೀದಾ ಅಡುಗೆಮನೆಗೆ ಹೋದ. ಅವನ ತಾಯಿ ಅನುಸೂಯಾ ಮಾತ್ರ ಲೇಖಕರೇ ಮನೆಗೆ ಬಂದರೆಂದು ಸಂಭ್ರಮಪಟ್ಟು, ಉಪ್ಪಿಟ್ಟು ಬಡಿಸುತ್ತ ಕೇಳಿಯೇಬಿಟ್ಟರು.

“ಆ ಅಳೋ ಹುಡುಗ ನಿಜವಾಗ್ಲೂ ಇದ್ನಾ?”

“ಇದ್ದ, ಆಂಟಿ. ನಾನೇ ಅದು.”

ಅನುಸೂಯಾ ಅವರ ನಗು ನಿಂತಿತು. “ಅಯ್ಯೋ, ಗೊತ್ತಿಲ್ದೆ ಅಷ್ಟೊಂದು ನಕ್ಕುಬಿಟ್ಟೆ ಕಣಪ್ಪ. ಅಷ್ಟು ಭಯದಲ್ಲಿ ಮಗು ಅಮ್ಮನ್ನ ಕರೆದಿದೆ. ನಿಮ್ಮಮ್ಮಂಗೆ ಹೇಳಿದೀಯಾ?”

“ಇಲ್ಲ.”

“ಹೇಳು. ತನ್ನ ಮಗ ಅಂತ ಗೊತ್ತಾದ್ರೆ ಯಾವ ತಾಯಿ ನಗ್ತಾಳೆ?”

ಅಡುಗೆಮನೆ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ ಕುಶಾಲ್ ಮುಕುಂದನ ಕಡೆ ನೋಡಲಿಲ್ಲ.

“ಅಮ್ಮಾ,” ಎಂದ.

ಅನುಸೂಯಾ ಮಗನ ಮುಖ ನೋಡಿದರು, ಸೌಟು ಕೆಳಗಿಟ್ಟರು, ಅವನ ಬಳಿಗೆ ಹೋದರು.